ಬಾಯಮ್ಮನಿಗೊಂದು ಒಗರಿಲ್ಲದ ಬಾಟಲಿ

ಫರಂಗಿಪೇಟೆ

ನಾನು ಸ್ಪೇನಿಗೆ ಹೋದದ್ದು ಹೆಂಚು ಒತ್ತುವ ಹೊಸ ಯಂತ್ರವನ್ನು ನೋಡಿ ಬರಲಿಕ್ಕೆ ಎಂದು ನಮ್ಮ ಕಾರ್ಖಾನೆಯ ಕಡತದಲ್ಲಿ ಬರೆದಿದೆ. ಅದು ಸುಳ್ಳಲ್ಲ. ಆದರೆ ಆ ಪ್ರವಾಸದ ಉದ್ದಕ್ಕೂ ನನ್ನ ತಲೆಯೊಳಗೆ ಕೂತಿದ್ದದ್ದು ಯಂತ್ರವಲ್ಲ, ಮೊನ್ನಿಬಾಯಿ. ಹತ್ತು ತಿಂಗಳಿಂದ ನನ್ನೊಡನೆ ಮಾತು ಬಿಟ್ಟಿದ್ದ ಆ ತಾಯಿಯನ್ನು ಒಂದು ಬಾಟಲಿ ವೈನ್ ಕೊಟ್ಟಾದರೂ ಮಾತನಾಡಿಸಬೇಕೆಂದು ಹಟ ಹಿಡಿದು ನಾನು ವಿಮಾನ ಹತ್ತಿದ್ದೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನೇತ್ರಾವತಿಯ ದಂಡೆಯ ಹೆಂಚಿನ ಕಾರ್ಖಾನೆಯಲ್ಲಿ ನಾನು ಮೇಸ್ತ್ರಿ. ಹೆಸರು ಐತಪ್ಪ, ಹುಟ್ಟಿನಿಂದ ಕುಂಬಾರ. ಪೊಳಲಿಯಲ್ಲಿರುವ ನನ್ನ ಅಣ್ಣ ಈಗಲೂ ಚಕ್ರ ತಿರುಗಿಸುತ್ತಾನೆ. ನನಗೆ ಕೆಲಸ ಕಲಿಸಿದವರು ಪಾವ್ಲು ಪೊರ್ಬುಗಳು. ನಮ್ಮ ಕಡೆ ಕ್ರೈಸ್ತ ಗಂಡಸರನ್ನು ಪೊರ್ಬುಗಳೆಂದೂ ಹೆಂಗಸರನ್ನು ಬಾಯಮ್ಮ ಎಂದೂ ಕರೆಯುವುದು ವಾಡಿಕೆ. ಹೆಂಚಿನ ಗೂಡಿನ ಬೆಂಕಿಯ ಬಣ್ಣ ನೋಡಿಯೇ ಒಳಗಿನ ಹೆಂಚು ಬೆಂದಿದೆಯೋ ಇಲ್ಲವೋ ಹೇಳಬಲ್ಲ ಮನುಷ್ಯ ಅವರು. ಅವರ ಹೆಂಡತಿಯೇ ಮೊನ್ನಿಬಾಯಮ್ಮ. ಬಂಟ್ವಾಳದ ಅವರ ಮನೆಯಲ್ಲಿ ನಾನು ಉಂಡ ಅನ್ನಕ್ಕೆ ಲೆಕ್ಕವಿಲ್ಲ.

ಬಾಯಮ್ಮ ಪ್ರತಿ ವರ್ಷ ಕಪ್ಪು ದ್ರಾಕ್ಷಿಯಿಂದ ವೈನ್ ಹಾಕುತ್ತಿದ್ದರು. ಆ ವರ್ಷ ಹಾಕಿದ್ದು ಮಗಳು ಲೀನಾಳ ಮದುವೆಗೆಂದು, ಇಮ್ಮಡಿ ದ್ರಾಕ್ಷಿಯಲ್ಲಿ. ಅವರು ಯಾವಾಗಲೂ ಬಳಸುತ್ತಿದ್ದದ್ದು ಪಿಂಗಾಣಿ ಭರಣಿ. ನನ್ನ ಬಾಯಿ ಸುಮ್ಮನಿರಬೇಕಲ್ಲ! "ಭರಣಿ ಯಾಕೆ ಬಾಯಮ್ಮ? ನಮ್ಮ ಅಣ್ಣನ ಮಡಕೆ ಉಂಟು. ಬೇಸಗೆಯಲ್ಲಿ ನೀರು ಹೇಗೆ ತಣ್ಣಗಿರ್ತದೆ ನೋಡಿದ್ದೀರಲ್ಲ? ವೈನ್ ಅದರಲ್ಲಿ ಅಮೃತ ಆಗ್ತದೆ" ಎಂದೆ. ಅಷ್ಟು ಹೇಳಿ ಬಿಡಲಿಲ್ಲ. ತಲೆಯ ಮೇಲೆ ಹೊತ್ತು ತಂದು ನಾನೇ ಅವರ ಅಡುಗೆಕೋಣೆಯ ಮೂಲೆಯಲ್ಲಿ ಇಟ್ಟೆ.

ಎರಡು ತಿಂಗಳಾದ ಮೇಲೆ ಬಾಯಮ್ಮ ಮುಚ್ಚಳ ತೆಗೆದರೆ ಮನೆಯಿಡೀ ಹುಳಿ ವಾಸನೆ. ಒಳಗಿದ್ದದ್ದು ವೈನ್ ಅಲ್ಲ, ವಿನೇಗರ್. ನಾನು ಆಗಲಾದರೂ ತಲೆ ತಗ್ಗಿಸಬೇಕಿತ್ತು. "ಹೋಗ್ಲಿ ಬಾಯಮ್ಮ, ಹಂದಿ ಪದಾರ್ಥಕ್ಕೆ ಆಯಿತಲ್ಲ" ಎಂದು ನಕ್ಕುಬಿಟ್ಟೆ. ಅವರು ನನ್ನ ಮುಖ ನೋಡಿ ಒಳಗೆ ಹೋದರು. ಆ ಮೇಲೆ ಹತ್ತು ತಿಂಗಳು ನನ್ನೊಡನೆ ಒಂದು ಮಾತಿಲ್ಲ. ಮನೆಗೆ ಹೋದರೆ ಚಾ ಬರುತ್ತಿತ್ತು, ತಿಂಡಿ ಬರುತ್ತಿತ್ತು, ಮಾತು ಮಾತ್ರ ಇಲ್ಲ. ಬೈದಿದ್ದರೆ ನಾನು ಸುಖವಾಗಿ ನಿದ್ದೆ ಮಾಡುತ್ತಿದ್ದೆ.

ಸ್ಪೇನಿಗೆ ಹೋಗುವ ಸುದ್ದಿ ತಿಳಿಸಲು ಹೋದಾಗ ಪೊರ್ಬುಗಳು ಕುರ್ಚಿಯಿಂದಲೇ ಕೂಗಿದರು. "ಅಲ್ಲಿ ವೈನ್ ನೀರಿನ ಹಾಗೆ ಹರೀತದಂತೆ ಮಾರಾಯ! ಲೀನಾಳ ಮದುವೆ ಟೋಸ್ಟಿಗೆ ಒಂದು ಬಾಟ್ಲಿ ತಾ. ಇವಳ ಮುಖವೂ ಒಮ್ಮೆ ಸರಿ ಆಗ್ಲಿ."

ಬಾಯಮ್ಮ ಬಾಗಿಲ ಬಳಿ ನಿಂತಿದ್ದರು. ನಾನು ಮೂರು ಮಾರು ದೂರದಲ್ಲಿದ್ದೆ. ಅವರು ಗಂಡನಿಗೆ ಹೇಳಿದರು: "ಅವನಿಗೆ ಹೇಳಿ. ಒಗರು ಇರಬಾರ್ದು. ಗಂಟಲು ಕೆರೀಬಾರ್ದು. ಹಣ್ಣಿನ ಪರಿಮಳ ಇರ್ಬೇಕು. ಮತ್ತೆ ದುಬಾರಿಯದ್ದು ಬೇಡ. ದುಡ್ಡು ಕೊಟ್ಟು ತಪ್ಪು ತೊಳೀಲಿಕ್ಕೆ ಆಗುದಿಲ್ಲ ಅಂತ ಹೇಳಿ ಅವನಿಗೆ."

"ಕೇಳಿತಾ?" ಎಂದರು ಪೊರ್ಬುಗಳು.

"ಕೇಳಿತು" ಎಂದೆ. ವಿಚಾರಿಸಿದಾಗ ತಿಳಿಯಿತು, ವಿದೇಶದಿಂದ ಒಬ್ಬನು ಸುಂಕವಿಲ್ಲದೆ ತರಬಹುದಾದದ್ದು ಒಂದೇ ಬಾಟಲಿಯಂತೆ. ತಪ್ಪಿದರೆ ಇನ್ನೊಂದು ಅವಕಾಶ ಇರಲಿಲ್ಲ.

ವಿಮಾನದಲ್ಲಿ

ನನ್ನ ಹೆಂಡತಿ ಗಿರಿಜಾ ಕನ್ಯಾನದವಳು. ಅವಳಿಗೆ ಚಳಿಯೆಂದರೆ ಶತ್ರು. ಡಿಸೆಂಬರಿನಲ್ಲಿ ಗಂಡ ಯುರೋಪಿಗೆ ಹೋಗುತ್ತಾನೆಂದು ಎರಡು ಮಂಕಿ ಟೊಪ್ಪಿ ಹೆಣೆಸಿ ಕೊಟ್ಟಳು, ಒಂದು ಕಳೆದುಹೋದರೆ ಇನ್ನೊಂದಿರಲಿ ಎಂದು. ಜೊತೆಗೆ ಮಾವಿನ ಮಿಡಿ ಉಪ್ಪಿನಕಾಯಿಯ ಡಬ್ಬಿ. "ವೈನ್ ಹುಡುಕ್ತಾ ಹುಡುಕ್ತಾ ನೀವೇ ಬ್ಯಾರೆಲ್‌ಗೆ ಬೀಳ್ಬೇಡಿ" ಎಂದು ಬುದ್ಧಿಯನ್ನೂ ಹೇಳಿದಳು.

ನಾನು ಕುಡುಕನಲ್ಲ. ಪ್ರಾಯದಲ್ಲಿ ಶೇಂದಿ ಕುಡಿದದ್ದುಂಟು, ಮದುವೆಯಾದ ಮೇಲೆ ಅದೂ ಇಲ್ಲ. ಹಾಗಾಗಿ ಕಲಿಕೆ ವಿಮಾನದಲ್ಲೇ ಶುರುವಾಗಲಿ ಎಂದುಕೊಂಡೆ. ಗಗನಸಖಿ ಗಾಡಿ ತಳ್ಳಿಕೊಂಡು ಬಂದಾಗ "ರೆಡ್ ವೈನ್" ಎಂದು ಧೈರ್ಯವಾಗಿ ಕೇಳಿದೆ. ಕೈಬೆರಳಿನುದ್ದದ ಬಾಟಲಿ ಬಂತು. ಬಣ್ಣ ನೋಡಿದರೆ ನಮ್ಮ ಪುನರ್ಪುಳಿ ಶರಬತ್ತು. ಅದೇ ನಂಬಿಕೆಯಲ್ಲಿ ಒಂದು ದೊಡ್ಡ ಗುಟುಕು ಹೀರಿದೆ.

ಎಳೆ ಅಡಿಕೆಯನ್ನು ಎಲೆ ಸುಣ್ಣ ಇಲ್ಲದೆ ಅಗಿದರೆ ನಾಲಿಗೆ ಹೇಗೆ ಕಟ್ಟಿಕೊಳ್ಳುತ್ತದೆ, ಹಾಗೆ ಆಯಿತು. ಕೆನ್ನೆ ಒಳಗೆ ಸೆಳೆದುಕೊಂಡಿತು. ಪಕ್ಕದ ಸೀಟಿನ ಬಿಳಿಯ ಅಜ್ಜಿ ನನ್ನ ಮುಖ ನೋಡಿ ಕರವಸ್ತ್ರ ಕೊಟ್ಟಳು. ಆಗ ನನಗೊಂದು ವಿಷಯ ಹೊಳೆಯಿತು: ಬಾಯಮ್ಮ ಒಗರು ಬೇಡ ಎಂದದ್ದು ಇದನ್ನೇ. ಏನು ತರಬಾರದು ಎಂಬುದು ಮೊದಲ ದಿನವೇ ಗೊತ್ತಾದದ್ದು ನನಗೆ ಸಣ್ಣ ಸಮಾಧಾನ ತಂದಿತು.

ಹೆಂಚಿನ ಊರು

ಬಾರ್ಸೆಲೋನಾದಿಂದ ಒಳಗೆ, ಗುಡ್ಡಗಳ ನಡುವೆ ಆ ಊರು. ಮೂಡಬಿದಿರೆಯಿಂದ ಬೆಳ್ತಂಗಡಿಯವರೆಗೆ ಯಾವ ಶಾಲೆಯ ಮಾಡು ನೋಡಿದರೂ ನಾನು ನಮ್ಮ ಹೆಂಚನ್ನು ಹುಡುಕುವವನು. ಇಲ್ಲಿಯೂ ಬಸ್ಸಿನಿಂದ ಇಳಿದವನು ಮೊದಲು ನೋಡಿದ್ದು ಮಾಡನ್ನೇ. ಬಣ್ಣ ನಮ್ಮದೇ, ಆಕಾರ ಬೇರೆ. ಬಿದಿರನ್ನು ಉದ್ದಕ್ಕೆ ಸೀಳಿ ಕವುಚಿ ಹಾಕಿದ ಹಾಗಿರುವ ಹೆಂಚು. ಹಿಂದಿನ ಕಾಲದಲ್ಲಿ ಅದನ್ನು ಹೆಂಗಸರು ತೊಡೆಯ ಮೇಲೆ ಬಗ್ಗಿಸಿ ಮಾಡುತ್ತಿದ್ದರು ಎಂದು ಒಬ್ಬ ಹೇಳಿದ. ಗಂಡಸರು ಎಂದು ಇನ್ನೊಬ್ಬ ಹೇಳಿದ. ಇಬ್ಬರೂ ಜಗಳಕ್ಕೆ ನಿಂತರು. ನನಗೆ ಊರಿಗೆ ಬಂದಷ್ಟು ಸಂತೋಷವಾಯಿತು.

ನನ್ನನ್ನು ನೋಡಿಕೊಳ್ಳಲು ಕಾರ್ಖಾನೆಯವರು ಜೋರ್ಡಿ ಎಂಬ ಮೇಸ್ತ್ರಿಯನ್ನು ಕೊಟ್ಟಿದ್ದರು. ಅವನ ಇಂಗ್ಲಿಷು ನನ್ನದಕ್ಕಿಂತ ಕೆಟ್ಟದು. ಹಾಗಾಗಿ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದಿತು. ಗೊತ್ತಿಲ್ಲದ್ದನ್ನು ಮಣ್ಣಿನಲ್ಲಿ ಗೀಚಿ ತೋರಿಸುತ್ತಿದ್ದೆವು. ಮೊದಲ ದಿನ ನಾನು ಅವರ ಮಣ್ಣನ್ನು ಚಿಟಿಕೆಯಷ್ಟು ತೆಗೆದು ಹಲ್ಲಿನ ನಡುವೆ ಇಟ್ಟು ಮರಳೆಷ್ಟಿದೆ ಎಂದು ನೋಡಿದಾಗ ಅವನೂ ಅದನ್ನೇ ಮಾಡಿದ. ಆ ಮೇಲೆ ನಮಗೆ ಪರಿಚಯದ ಅಗತ್ಯ ಬೀಳಲಿಲ್ಲ.

ಮಧ್ಯಾಹ್ನ ಕೆಲಸಗಾರರೆಲ್ಲ ಉದ್ದದ ಮೇಜಿಗೆ ಕೂತರು. ರೊಟ್ಟಿಗೆ ಟೊಮೆಟೊ ಉಜ್ಜಿ ಎಣ್ಣೆ ಸುರಿದು ತಿನ್ನುವುದು ಅವರ ಕ್ರಮ. ನಾನು ಮಿಡಿ ಉಪ್ಪಿನಕಾಯಿ ಕೊಟ್ಟೆ. ಜೋರ್ಡಿ ಒಂದನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು ಕಣ್ಣೀರು ಸುರಿಸುತ್ತ "ಗುಡ್, ಗುಡ್" ಎಂದ. ಅಷ್ಟರಲ್ಲಿ ಮೇಜಿನ ಆ ತುದಿಯಿಂದ ಒಂದು ಗಾಜಿನ ಪಾತ್ರೆ ಕೈಯಿಂದ ಕೈಗೆ ಬಂತು. ನೋಡಿದರೆ ನಮ್ಮ ಗಿಂಡಿ! ಮೂತಿ ಮಾತ್ರ ಸಪೂರ, ಉದ್ದ. ಒಳಗೆ ಕೆಂಪು ವೈನ್. ಒಬ್ಬೊಬ್ಬರೂ ಅದನ್ನು ಮೇಲೆತ್ತಿ, ತುಟಿಗೆ ತಾಗಿಸದೆ, ಸಪೂರ ಧಾರೆಯಾಗಿ ಬಾಯಿಗೆ ಸುರಿದುಕೊಂಡು ಪಕ್ಕದವನಿಗೆ ದಾಟಿಸುತ್ತಿದ್ದರು. ಅದಕ್ಕೆ ಪೊರೋನ್ ಎಂದು ಹೆಸರು.

ನನ್ನ ಸರದಿ ಬಂದಾಗ ಎಲ್ಲರೂ ತಿನ್ನುವುದನ್ನು ನಿಲ್ಲಿಸಿದರು. ಹೊಸಬರು ಅಂಗಿಯಿಡೀ ಚೆಲ್ಲಿಕೊಳ್ಳುವುದನ್ನು ನೋಡುವುದು ಅವರಿಗೊಂದು ಮನರಂಜನೆ. ಪಾಪ, ಅವರಿಗೇನು ಗೊತ್ತು? ಹುಟ್ಟಿದಂದಿನಿಂದ ಚೊಂಬಿಗೆ ಬಾಯಿ ಹಚ್ಚಿದರೆ ಎಂಜಲು ಎಂದು ಬೆನ್ನಿಗೆ ಪೆಟ್ಟು ತಿಂದು ಬೆಳೆದವರು ನಾವು. ಪಾತ್ರೆಯನ್ನು ಎತ್ತಿದೆ, ತೋಳು ನೇರ ಮಾಡಿದೆ, ಗಟ ಗಟ ಇಳಿಸಿದೆ. ಒಂದು ಹನಿ ಕೆಳಗೆ ಬೀಳಲಿಲ್ಲ. ಮೇಜು ಕುಟ್ಟಿ ಕೂಗಿದರು. ನಾನು ಸೋಲಬಾರದೆಂದು ಉಸಿರು ಕಟ್ಟಿ ಮುಂದುವರಿಸಿದೆ. ಎತ್ತಿ ಕುಡಿಯುವಾಗ ನಡುವೆ ನಿಲ್ಲಿಸುವ ಅಭ್ಯಾಸ ನಮಗಿಲ್ಲ. ಅವರಾದರೋ ಒಂದು ಗುಟುಕಿಗೆ ನಿಲ್ಲಿಸುತ್ತಾರೆ ಎಂಬುದನ್ನು ನಾನು ಗಮನಿಸಿರಲಿಲ್ಲ.

ಅರ್ಧ ಪಾತ್ರೆ ಖಾಲಿಯಾದ ಮೇಲೆ ಏನೇನಾಯಿತೆಂಬುದನ್ನು ಜೋರ್ಡಿ ಹೇಳಿಯೇ ನನಗೆ ತಿಳಿದದ್ದು. ನಾನು ಹೊಸ ಯಂತ್ರದ ಎದುರು ನಿಂತು ಅದಕ್ಕೆ ತುಳುವಿನಲ್ಲಿ ಬುದ್ಧಿ ಹೇಳಿದೆನಂತೆ. ಆಗ ಬಂದ ಯಜಮಾನರಿಗೆ ಪೊಳಲಿ ಹೊಳೆಯ ಮಣ್ಣಿನ ಗುಣವನ್ನು ಕೈ ಬೀಸಿ ಬೀಸಿ ವಿವರಿಸಿದೆನಂತೆ. ಭಾರತದಿಂದ ಬಂದವನು ತಮ್ಮ ಯಂತ್ರವನ್ನು ಹೊಗಳುತ್ತಿದ್ದಾನೆ ಎಂದು ಅವರು ಸಂತೋಷದಿಂದ ಕೈ ಕುಲುಕಿ ಹೋದರಂತೆ. ಈ ಭಾಗವನ್ನು ನಾನು ಗಿರಿಜಾಳಿಗೆ ಇನ್ನೂ ಹೇಳಿಲ್ಲ. ಒಂದು ಮಾತ್ರ ನೆನಪಿತ್ತು: ಆ ವೈನ್ ಒಗರಿರಲಿಲ್ಲ.

ವೈನ್ ಅಂಗಡಿ

ಮರುದಿನ ತಲೆ ಹಿಡಿದುಕೊಂಡೇ ಜೋರ್ಡಿಯನ್ನು ಕೇಳಿದೆ. ಅವನು ಊರಿನ ಅಂಗಡಿಗೆ ಕರೆದುಕೊಂಡು ಹೋದ. ನೆಲದಿಂದ ಮಾಡಿನವರೆಗೆ ಬಾಟಲಿಗಳು. ಸೀರೆ ಅಂಗಡಿಗೆ ಒಬ್ಬನೇ ಹೋದ ಗಂಡಸಿನ ಅವಸ್ಥೆ ನನ್ನದಾಯಿತು. ಎಲ್ಲವೂ ಚೆಂದ, ಯಾವುದೂ ತಿಳಿಯದು. ಚಿನ್ನದ ಅಕ್ಷರದ, ಧೂಳು ಹಿಡಿದ ಒಂದು ಬಾಟಲಿಗೆ ನನ್ನ ಕೈ ತಾನಾಗಿ ಹೋಯಿತು. ಅದರ ಮೇಲೆ ಅರಮನೆಯ ಚಿತ್ರವಿತ್ತು.

ಅಂಗಡಿಯ ಹೆಂಗಸು ನನ್ನ ಕೈಯಿಂದ ಅದನ್ನು ತೆಗೆದು ಮೇಲಿಟ್ಟಳು. ಜೋರ್ಡಿಯ ಮೂಲಕ ಪಾಟೀಸವಾಲು ಶುರುವಾಯಿತು. ಯಾರಿಗೆ? ಬಾಯಮ್ಮನಿಗೆ. ಅವರಿಗೆ ಎಂತಹದು ಇಷ್ಟ? ಒಗರಿಲ್ಲದ್ದು, ಹಣ್ಣಿನ ಪರಿಮಳದ್ದು. ಯಾವುದರ ಜೊತೆ ಕುಡಿಯುತ್ತಾರೆ? ನಾನು ನಿಜ ಹೇಳಿದೆ: ಮದುವೆಯ ಕೇಕಿನ ಜೊತೆ. ಆಕೆ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. ನಾನು ಏನೋ ಅಪಚಾರ ಮಾಡಿದೆನೆಂದು ಹೆದರಿ, ಆ ಮೇಲೆ ಹಂದಿ ಮಾಂಸವೂ ಇದೆ ಎಂದು ಸೇರಿಸಿದೆ. ಅವಳ ಮುಖ ಅರಳಿತು.

ಅಂದು ಅವಳು ಕಲಿಸಿದ್ದನ್ನು ನಾನು ಈಗಲೂ ಮರೆತಿಲ್ಲ. ದುಬಾರಿಯಾದದ್ದೆಲ್ಲ ಮೆದುವಾಗಿರುವುದಿಲ್ಲ. ಒಳ್ಳೆಯ ಹೆಸರಿನ ವೈನ್‌ಗಳಲ್ಲಿ ಎಷ್ಟೋ ಮೊದಮೊದಲು ಒಗರೇ. ದ್ರಾಕ್ಷಿಯ ಸಿಪ್ಪೆ, ಬೀಜ, ಹೊಸ ಮರದ ಪೀಪಾಯಿ ಇವುಗಳಿಂದ ಬರುವ ಒಗರು ಅದು. ವರ್ಷಗಟ್ಟಲೆ ಇಟ್ಟು ಇಳಿಸಬೇಕು. ಮೆದುವಾದದ್ದು, ಹಣ್ಣಿನ ಪರಿಮಳದ್ದು ಬೇಕಾದರೆ ಈ ವರ್ಷದ ಎಳೆಯ ವೈನ್ ಕೇಳಬೇಕು, ಗರ್ನಾಚಾ ಎಂಬ ದ್ರಾಕ್ಷಿಯದ್ದಾದರೆ ಒಳ್ಳೆಯದು. ಅದನ್ನು ಇಟ್ಟು ಹಳೆಯದು ಮಾಡಬಾರದು, ಬೇಗ ಕುಡಿಯಬೇಕು. ಕುಡಿಯುವ ಮೊದಲು ಸ್ವಲ್ಪ ತಣ್ಣಗೆ ಮಾಡಬೇಕು.

ವೈನ್ ಎಂದರೆ ಹಳೆಯದಾದಷ್ಟೂ ಒಳ್ಳೆಯದು, ಉಪ್ಪಿನಕಾಯಿಯ ಹಾಗೆ, ಎಂದು ನಾನು ನಂಬಿದ್ದೆ. ನಮ್ಮ ಊರಿನವರೆಲ್ಲ ಹಾಗೇ ನಂಬಿದ್ದಾರೆ. ಅಂಗಡಿಯ ಹೆಂಗಸು ನನ್ನ ಮುಖ ನೋಡಿ ಏನೋ ಹೇಳಿದಳು. ಜೋರ್ಡಿ ನಕ್ಕ. "ಹೊಸತು ಬೇಕಾದರೆ ಅಂಗಡಿಗೆ ಯಾಕೆ ಬಂದಿರಿ, ವೈನ್ ಮಾಡುವ ನನ್ನ ಮಾವನ ಮನೆಗೇ ಹೋಗಿ ಎನ್ನುತ್ತಾಳೆ" ಎಂದು ತಿಳಿಸಿದ. ಗಿರಾಕಿಯನ್ನು ಬೇರೆ ಕಡೆಗೆ ಕಳಿಸುವ ಅಂಗಡಿಯವರನ್ನು ನಾನು ಬಂಟ್ವಾಳ ಪೇಟೆಯಲ್ಲಿ ನೋಡಿದ್ದಿಲ್ಲ.

ಪೆರೆ ಅಜ್ಜನ ತೊಟ್ಟಿ

ಭಾನುವಾರ ಬೆಳಿಗ್ಗೆ ಹೋದೆವು. ಮಂಕಿ ಟೊಪ್ಪಿಯ ಜೊತೆಗೆ ಜೋರ್ಡಿಯ ಹಳೆಯ ಕೋಟು ಹಾಕಿಕೊಂಡಿದ್ದೆ. ಅವನ ಮಾವನ ಹೆಸರು ಪೆರೆ. ಎಪ್ಪತ್ತು ದಾಟಿದ, ಬೆನ್ನು ನೇರವಾಗಿದ್ದ, ಮಾತಿಗೆ ಜಿಪುಣನಾದ ಅಜ್ಜ. ಮನೆಯ ಹಿಂದೆ ನೆಲದೊಳಗೆ ಇಳಿದ ದೊಡ್ಡ ತೊಟ್ಟಿಗಳು. ದ್ರಾಕ್ಷಿ ತುಳಿದು ರಸ ಹುದುಗಲು ಬಿಡುವ ಜಾಗ ಅದು. ಹುದುಗಿದ ವೈನನ್ನು ಆಗಲೇ ಪೀಪಾಯಿಗಳಿಗೆ ತುಂಬಿ, ತೊಟ್ಟಿಗಳನ್ನು ತೊಳೆದು ಖಾಲಿ ಬಿಟ್ಟಿದ್ದರು.

ಬಗ್ಗಿ ಒಳಗೆ ನೋಡಿದವನು ವೈನ್ ಮರೆತೆ. ತೊಟ್ಟಿಯ ಗೋಡೆಗೆ ಅಡಿಯಿಂದ ಮುಡಿಯವರೆಗೆ ಸುಟ್ಟ ಮಣ್ಣಿನ ಬಿಲ್ಲೆಗಳು! ಒಂದೊಂದರ ಮೇಲೂ ಗಾಜಿನಂತಹ ಹೊಳಪಿನ ಲೇಪ. ಮಣ್ಣಿನಲ್ಲಿ ವೈನ್ ಕೂರುವುದಿಲ್ಲ ಎಂದು ಹತ್ತು ತಿಂಗಳಿಂದ ನನ್ನನ್ನೇ ಬೈದುಕೊಂಡಿದ್ದೆ. ಇಲ್ಲಿ ನೂರಾರು ವರ್ಷದಿಂದ ಮಣ್ಣಿನಲ್ಲೇ ಕೂತಿದೆ. ಆ ಹೊಳಪನ್ನು ಬೆರಳಿನಿಂದ ಸವರಿದಾಗ ನನ್ನ ತಪ್ಪು ತಿಳಿಯಿತು. ನಮ್ಮ ಮಡಕೆ ಬೆವರುತ್ತದೆ. ಬೆವರುವುದರಿಂದಲೇ ನೀರು ತಣ್ಣಗಾಗುತ್ತದೆ. ಬೆವರು ಹೊರಗೆ ಬರುವ ದಾರಿಯಲ್ಲೇ ಗಾಳಿ ಒಳಗೆ ಹೋಗುತ್ತದೆ. ನೀರಿಗೆ ಒಳ್ಳೆಯದಾದದ್ದೇ ವೈನಿಗೆ ಕೇಡು. ಕುಂಬಾರನ ಮಗನಾಗಿ ಇಷ್ಟು ತಿಳಿಯದೆ ಹೋಯಿತಲ್ಲ ಎಂದು ನಾಚಿಕೆಯಾಯಿತು.

ಏಣಿ ಇಟ್ಟು ತೊಟ್ಟಿಗೆ ಇಳಿದೆ. ಹೆಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ ಶಬ್ದ ಕೇಳುವುದು ನಮ್ಮ ಕೆಲಸದಲ್ಲಿ ದಿನವಿಡೀ ನಡೆಯುವಂತಹದು. ಕೈ ಸುಮ್ಮನಿರಲಿಲ್ಲ, ಗೋಡೆಯನ್ನು ತಟ್ಟುತ್ತ ಹೋದೆ. ಠಣ್, ಠಣ್, ಠಣ್. ಮೂಲೆಯಲ್ಲಿ ಒಂದು ಕಡೆ ಡಬ್ ಎಂದಿತು. ಪಕ್ಕದ್ದೂ ಡಬ್. ಅದರ ಕೆಳಗಿನದ್ದೂ.

"ಇಲ್ಲಿ ಹಿಂದೆ ಟೊಳ್ಳುಂಟು ಮಾರಾಯ" ಎಂದೆ, ಕನ್ನಡದಲ್ಲೇ. ಜೋರ್ಡಿಗೆ ಶಬ್ದವೇ ಸಾಕಾಯಿತು. ಉಳಿ ತಂದು ಒಂದು ಬಿಲ್ಲೆ ಎಬ್ಬಿಸಿದ. ಹಿಂದಿನ ಗಾರೆ ಕರಗಿ ಗುಳಿ ಬಿದ್ದಿತ್ತು. ಒಳಗಿಂದ ನನಗೆ ಚೆನ್ನಾಗಿ ಪರಿಚಯವಿದ್ದ ಹುಳಿ ವಾಸನೆ ಮೂಗಿಗೆ ಬಡಿಯಿತು. ಹಳೆಯ ವೈನ್ ಅಲ್ಲಿ ಸೇರಿಕೊಂಡು ಹುಳಿತು, ಹೊಸದನ್ನೂ ಕೆಡಿಸುತ್ತಿತ್ತು.

ಅಜ್ಜ ತೊಟ್ಟಿಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಆ ಗುಳಿಯನ್ನು ಬಗ್ಗಿ ನೋಡಿದರು. ಆ ಮೇಲೆ ತಿಳಿದದ್ದೇನೆಂದರೆ, ಎರಡು ವರ್ಷದಿಂದ ಆ ಒಂದು ತೊಟ್ಟಿಯ ವೈನ್ ಹುಳಿಯಾಗುತ್ತಿತ್ತು. ಅಜ್ಜ ಅದಕ್ಕೆ ಅಳಿಯನ ಕೈಗುಣವೇ ಕಾರಣವೆಂದು ಊರಿಡೀ ಹೇಳಿಕೊಂಡು ಬಂದಿದ್ದರು! ಜೋರ್ಡಿ ನನ್ನನ್ನು ತಬ್ಬಿಕೊಂಡ ರಭಸಕ್ಕೆ ಟೊಪ್ಪಿ ಕಣ್ಣಿನ ಮೇಲೆ ಇಳಿಯಿತು. ಮೂವರೂ ಸೇರಿ ಮಧ್ಯಾಹ್ನದವರೆಗೆ ಗಾರೆ ಕಲಸಿ ಹೊಸ ಬಿಲ್ಲೆ ಕೂರಿಸಿದೆವು. ಬೇರೊಬ್ಬರ ಮನೆಯ ವೈನನ್ನಾದರೂ ಉಳಿಸಿದೆನಲ್ಲ ಎಂದು ನನಗೆ ಎಷ್ಟೋ ತಿಂಗಳ ಮೇಲೆ ಎದೆ ಹಗುರವಾಯಿತು.

ಊಟಕ್ಕೆ ಕೂತಾಗ ಅಜ್ಜ ಎರಡು ಬಾಟಲಿ ತಂದಿಟ್ಟರು. ಒಂದು ಧೂಳು ಮೆತ್ತಿದ್ದು, ಬಂಗಾರದ ಲೇಬಲ್ಲಿನದ್ದು. ಮಗಳು ಹುಟ್ಟಿದ ವರ್ಷ ಕೊಂಡಿಟ್ಟದ್ದಂತೆ. ಅಂತಹವು ಎರಡೇ ಉಳಿದಿದ್ದವು. ಒಂದನ್ನು ಒಡೆದು ನನಗೆ ರುಚಿ ತೋರಿಸಿ, ಇನ್ನೊಂದನ್ನು ಬಾಯಮ್ಮನಿಗೆ ಕೊಡುವುದೆಂದು ಅವರ ತೀರ್ಮಾನ. ಮೇಜಿಗೆ ತಂದ ಎರಡನೆಯ ಬಾಟಲಿ ಅವರು ದಿನವೂ ಊಟಕ್ಕೆ ಕುಡಿಯುವ ವೈನ್, ಆ ಸಲದ ಗರ್ನಾಚಾ. ಅದಕ್ಕೆ ಹೆಸರಿಲ್ಲ, ಚೀಟಿಯಿಲ್ಲ.

ಹಳೆಯದನ್ನು ಕುಡಿದೆ. ಅದು ದೊಡ್ಡ ವೈನ್ ಎಂಬುದು ನನ್ನಂತಹವನಿಗೂ ತಿಳಿಯಿತು. ಹೊಗೆಸೊಪ್ಪು, ಒಣಗಿದ ಎಲೆ, ಹಳೆಯ ಮರದ ಪೆಟ್ಟಿಗೆ, ಏನೇನೋ ಪರಿಮಳ. ಕೊನೆಯಲ್ಲಿ ನಾಲಿಗೆಯನ್ನು ಸಣ್ಣಗೆ ಹಿಡಿದುಕೊಂಡಿತು. ಹೊಸದನ್ನು ಮೂಸಿದೆ. ನೇರಳೆ ಹಣ್ಣು. ಅದರ ಹಿಂದೆ ನಮ್ಮ ಕಾಡಿನ ಕುಂಟಲ ಹಣ್ಣು. ಬಾಯಿಗೆ ಹಾಕಿದರೆ ಎಲ್ಲಿಯೂ ತಡೆಯದೆ ಇಳಿದುಹೋಯಿತು.

ಒಂದೇ ಬಾಟಲಿ ಒಯ್ಯಬಹುದು. ಲೀನಾಳ ಮಾವನಾಗುವವರು ಹಡಗಿನಲ್ಲಿ ಸ್ಟುವರ್ಡ್ ಆಗಿದ್ದವರು, ಎಲ್ಲ ದೇಶದ ಬಾಟಲಿ ನೋಡಿದವರು. ಪೊರ್ಬುಗಳು ಆಗಲೇ ಅವರಿಗೆ ಕಾಗದ ಬರೆದು, ಸ್ಪೇನಿಂದ ವೈನ್ ಬರುತ್ತದೆಂದು ಕೊಚ್ಚಿಕೊಂಡಿದ್ದರು. ಬಂಗಾರದ ಲೇಬಲ್ ಮೇಜಿನ ಮೇಲಿದ್ದರೆ ಪೊರ್ಬುಗಳ ಮಾನ ಉಳಿಯುತ್ತದೆ. ಚೀಟಿಯಿಲ್ಲದ ಬಾಟಲಿ ಇಟ್ಟರೆ ಊರಿನ ಕಷಾಯವೆಂದು ನಕ್ಕಾರು. ಆದರೆ ಗುಟುಕು ಬಾಯಿಗೆ ಹೋದ ಮೇಲೆ ಬಾಯಮ್ಮನ ಮುಖ? ನಾನು ಎರಡು ಲೋಟಗಳನ್ನೂ ನೋಡುತ್ತ ಕೂತೆ. ಅಜ್ಜನ ಮನೆಯವರು ನಾನು ಪ್ರಾರ್ಥನೆ ಮಾಡುತ್ತಿದ್ದೇನೆಂದು ತಿಳಿದು ಸುಮ್ಮನಿದ್ದರು.

ಕೊನೆಗೆ ಹೆಸರಿಲ್ಲದ್ದರ ಕಡೆ ಬೆರಳು ತೋರಿಸಿದೆ. ಅಜ್ಜ ಹುಬ್ಬು ಗಂಟಿಕ್ಕಿದರು. ತಪ್ಪು ತಿಳಿದಿರಬೇಕೆಂದು ಹಳೆಯ ಬಾಟಲಿಯನ್ನು ಮತ್ತೆ ನನ್ನ ಮುಂದೆ ದೂಡಿದರು. ನಾನು ಮತ್ತೆ ಹೊಸದನ್ನೇ ತೋರಿಸಿದೆ. "ಬಾಯಮ್ಮ" ಎಂದೆ. ಅಜ್ಜ ಜೋರ್ಡಿಗೆ ಏನೋ ಹೇಳಿ ಕಣ್ಣು ಒರೆಸಿಕೊಂಡರು. ಅದು ನಾವು ಮನೆಯಲ್ಲಿ ಕುಡಿಯುವುದು, ಇಷ್ಟು ವರ್ಷದಲ್ಲಿ ಹೊರಗಿನವರು ಯಾರೂ ಅದನ್ನು ಕೇಳಿ ತೆಗೆದುಕೊಂಡದ್ದಿಲ್ಲ ಎಂದರಂತೆ. ಹೊಸ ಬಾಟಲಿ ತುಂಬಿ, ಬಿರಡೆ ಒತ್ತಿ, ಮೇಲೆ ಮೇಣ ಕರಗಿಸಿ ಹಾಕಿಕೊಟ್ಟರು.

ಬೊಂಬಾಯಿ ಕಸ್ಟಮ್ಸ್

ಆ ಕಾಲದಲ್ಲಿ ವಿದೇಶದಿಂದ ಬಂದವರ ಪೆಟ್ಟಿಗೆಯಲ್ಲಿ ಟೇಪ್‌ರೆಕಾರ್ಡರು, ಸೆಂಟು, ಗಡಿಯಾರ ಇರಬೇಕು. ನನ್ನ ಪೆಟ್ಟಿಗೆ ತೆರೆಸಿದ ಅಧಿಕಾರಿಗೆ ಸಿಕ್ಕಿದ್ದು ಮಾದರಿಗೆಂದು ತಂದ ಒಂದು ಹೆಂಚು, ಮಣ್ಣಿನ ಮೂರು ಪೊಟ್ಟಣ, ಮಂಕಿ ಟೊಪ್ಪಿಯೊಳಗೆ ಸುತ್ತಿದ ಹೆಸರಿಲ್ಲದ ಬಾಟಲಿ.

"ಇದೇನು?"

"ಹೆಂಚು."

"ಇದು?"

"ಮಣ್ಣು."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಇನ್ನೊಬ್ಬರನ್ನು ಕರೆದರು. ಇಬ್ಬರೂ ಬಾಟಲಿಯನ್ನು ಬೆಳಕಿಗೆ ಹಿಡಿದರು. ಯಾವ ಕಂಪೆನಿ ಎಂದು ಕೇಳಿದರು. ಮನೆಯದ್ದು ಎಂದೆ. ಮೇಣ ಒಡೆದು ನೋಡಬೇಕು ಎಂದಾಗ ನಾನು ಬಾಟಲಿಗೆ ಕೈ ಅಡ್ಡ ಹಿಡಿದೆ. ಒಡೆದರೆ ಒಳಗೆ ಗಾಳಿ ಹೋಗುತ್ತದೆ, ಗಾಳಿ ಹೋದರೆ ಎಲ್ಲ ಮೊದಲಿನಂತೆ. ನನಗೆ ಬರುವ ಅರ್ಧ ಹಿಂದಿಯಲ್ಲಿ ಮಡಕೆ, ಬಾಯಮ್ಮ, ಹತ್ತು ತಿಂಗಳ ಮೌನ ಎಲ್ಲವನ್ನೂ ಹೇಳಿಬಿಟ್ಟೆ. ಹಿಂದೆ ಸಾಲಿನಲ್ಲಿ ನಿಂತವರೂ ಕೇಳುತ್ತಿದ್ದರು. ಅಧಿಕಾರಿ ಟೊಪ್ಪಿಯನ್ನು ತಾವೇ ಬಾಟಲಿಗೆ ಹಾಕಿ, "ನನ್ನ ಹೆಂಡತಿ ಮಾತು ಬಿಟ್ಟು ನಾಲ್ಕು ದಿನ ಆಯಿತು, ಅವಳಿಗೆ ಏನು ಕೊಡಬೇಕೋ" ಎಂದು ಹೇಳಿ ಪೆಟ್ಟಿಗೆ ಮುಚ್ಚಿದರು.

ಅಲ್ಲಿಂದ ಮಂಗಳೂರಿನ ಬಸ್ಸಿನಲ್ಲಿ ಊರು ಮುಟ್ಟುವವರೆಗೆ ಬಾಟಲಿ ನನ್ನ ತೊಡೆಯ ಮೇಲೆಯೇ ಇತ್ತು. ಪಕ್ಕದವರು ಮಗುವಿಗೆ ಎಷ್ಟು ತಿಂಗಳು ಎಂದು ಕೇಳಿದರು.

ಬಂಟ್ವಾಳ

ಮದುವೆ ಜನವರಿಯಲ್ಲಿ, ಬೆಳಿಗ್ಗೆ ಇಗರ್ಜಿಯಲ್ಲಿ, ಮಧ್ಯಾಹ್ನ ಮನೆಯಂಗಳದ ಚಪ್ಪರದಲ್ಲಿ. ಅಂಗಡಿಯ ಹೆಂಗಸಿನ ಮಾತು ನೆನಪಿಟ್ಟು, ಬಾಟಲಿಯನ್ನು ಕೊಡಪಾನದಲ್ಲಿಟ್ಟು ಬಾವಿಗೆ ಇಳಿಬಿಟ್ಟು ತಣ್ಣಗೆ ಮಾಡಿದ್ದೆ. ಬಂದವರಿಗೆಲ್ಲ ಮಂಗಳೂರಿನಿಂದ ತಂದ ವೈನ್. ಸ್ಪೇನಿನದು ಎದುರಿನ ಮೇಜಿನವರಿಗೆ ಮಾತ್ರ: ಮದುಮಗಳು, ಮದುಮಗ, ಎರಡೂ ಕಡೆಯ ತಂದೆತಾಯಿ. ನಾನು ಗಿರಿಜಾಳನ್ನು ಹೆಂಗಸರ ಕಡೆ ಕೂರಿಸಿ, ಚಪ್ಪರದ ಒಂದು ಕಂಬ ಹಿಡಿದು ನಿಂತೆ.

ಪೊರ್ಬುಗಳು ಬಿರಡೆ ಎಳೆದು ಆರು ಲೋಟಕ್ಕೆ ಸುರಿದರು. ಟೋಸ್ಟಿನ 'ಚಿಯರ್ಸ್' ಆಯಿತು, ಬ್ಯಾಂಡಿನವರು ಬಾರಿಸಿದರು. ಎಲ್ಲರೂ ಮದುಮಕ್ಕಳನ್ನು ನೋಡುತ್ತಿದ್ದರೆ ನಾನು ಬಾಯಮ್ಮನನ್ನೇ ನೋಡುತ್ತಿದ್ದೆ. ಅವರು ಲೋಟವನ್ನು ಮೂಗಿನ ಹತ್ತಿರ ಹಿಡಿದರು. ಒಂದು ಗುಟುಕು ಕುಡಿದರು. ನುಂಗದೆ ಬಾಯಲ್ಲೇ ಇಟ್ಟುಕೊಂಡರು. ಅಷ್ಟು ಹೊತ್ತು ಯಾರಾದರೂ ಒಂದು ಗುಟುಕನ್ನು ಬಾಯಲ್ಲಿ ಇಟ್ಟುಕೊಳ್ಳುವುದುಂಟೇ? ಆ ಮೇಲೆ ನುಂಗಿದರು. ಮುಖದಲ್ಲಿ ಏನೂ ಇಲ್ಲ.

ಅಷ್ಟರಲ್ಲಿ ಹಡಗಿನ ಬೀಗರು ಬಾಟಲಿಯನ್ನು ಕೈಗೆತ್ತಿಕೊಂಡರು. ತಿರುಗಿಸಿದರು, ಅಡಿಮೇಲು ಮಾಡಿ ನೋಡಿದರು. "ಇದರಲ್ಲಿ ಲೇಬಲ್ಲೇ ಇಲ್ವಲ್ಲ ಪಾವ್ಲು? ಹೆಸರೆಂತ ಈ ವೈನಿದ್ದು?"

ಪೊರ್ಬುಗಳು ಕಂಗಾಲಾಗಿ ನನ್ನ ಕಡೆ ನೋಡಿದರು. ಬಂಗಾರದ ಲೇಬಲ್ಲಿನ ಬಾಟಲಿ ನನ್ನ ಕಣ್ಣ ಮುಂದೆ ಬಂತು. ನಾನು ಕಂಬವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ.

"ಐತಪ್ಪ" ಎಂದರು ಬಾಯಮ್ಮ.

"ಎಂತ?"

"ಐತಪ್ಪ ಅಂತ ಇದರ ಹೆಸರು. ಕುಡಿದು ನೋಡಿ, ಒಂಚೂರು ಒಗರಿಲ್ಲ."

ಬೀಗರು ಕುಡಿದರು. ಕಣ್ಣು ಮುಚ್ಚಿ ತಲೆಯಾಡಿಸಿದರು. "ಹಾಂ ಹಾಂ, ಐತಪ್ಪ! ಗೊತ್ತುಂಟು, ಗೊತ್ತುಂಟು. ಹಡಗಿನಲ್ಲಿ ನಾನೇ ಎಷ್ಟು ಬಾಟ್ಲಿ ಬಡಿಸಿದ್ದೇನೆ. ಒಳ್ಳೆ ಕಂಪೆನಿ."

ಲೀನಾ ಮುಖಕ್ಕೆ ಸೆರಗು ಮುಚ್ಚಿಕೊಂಡಳು. ಪೊರ್ಬುಗಳಿಗೆ ಕೆಮ್ಮು ಬಂತು. ಬಾಯಮ್ಮ ಮಾತ್ರ ನಗಲಿಲ್ಲ. ಲೋಟದಲ್ಲಿ ಉಳಿದದ್ದನ್ನು ನಿಧಾನವಾಗಿ ಮುಗಿಸಿ ಕೆಳಗಿಟ್ಟು, ಚಪ್ಪರದ ಕಂಬದ ಕಡೆಗೆ ನೇರವಾಗಿ ತಿರುಗಿದರು.

"ಐತಪ್ಪ, ಅಲ್ಲಿ ಕಂಬ ಹಿಡ್ಕೊಂಡು ಎಂತ ಮಾಡ್ತೀ? ಗಿರಿಜಾಳನ್ನು ಕರ್ಕೊಂಡು ಊಟಕ್ಕೆ ಕೂತ್ಕೊ. ತಣ್ಣಗಾದ್ರೆ ರುಚಿ ಇರುದಿಲ್ಲ."

"ಆಯ್ತು ಬಾಯಮ್ಮ" ಎಂದೆ. ಅಷ್ಟು ಹೇಳುವಾಗಲೇ ಕಣ್ಣು ತುಂಬಿ ಬಂತು. ಹಸಿವಿರಲಿಲ್ಲ. ಆದರೂ ಹೋಗಿ ಕೂತೆ, ಎರಡು ಸಲ ಬಡಿಸಿಕೊಂಡೆ.